ಕಾಲೇಜ್ ಫುಟ್‌ಬಾಲ್: ಯಾವ ಕೌಂಟಿ ಯಾರ ಪರ? ಟ್ವೀಟ್‌ಗಳಿಂದ ಮ್ಯಾಪ್ ಮಾಡಿದ ನನ್ನ ಅನುಭವ

2014ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಫೇಸ್‌ಬುಕ್ ಲೈಕ್‌ಗಳನ್ನು ಇಟ್ಟುಕೊಂಡು ಒಂದು ಮ್ಯಾಪ್ ಮಾಡಿತ್ತು. ಅಮೆರಿಕದ ಯಾವ ಜಿಪ್ ಕೋಡ್‌ನಲ್ಲಿ (ನಮ್ಮ ಪಿನ್ ಕೋಡ್ ಥರ) ಯಾವ ಕಾಲೇಜಿನ ಫುಟ್‌ಬಾಲ್ ತಂಡಕ್ಕೆ ಅಭಿಮಾನಿಗಳು ಜಾಸ್ತಿ ಅಂತ ಅದರಲ್ಲಿ ನೋಡಬಹುದಿತ್ತು. ನನಗೆ ಅದು ತುಂಬಾ ಹಿಡಿಸಿತು. ಆದರೆ ಒಂದು ಅನುಮಾನ ಮಾತ್ರ ಹೋಗಲಿಲ್ಲ. ಲೈಕ್ ಅನ್ನೋದು ಒಂದು ಸಲ ಒತ್ತಿ ಮರೆತುಬಿಡುವ ಬಟನ್. ತಂಡ ಗೆದ್ದ ವರ್ಷ ಒತ್ತಿದ್ದು ಸೋತ ವರ್ಷವೂ ಹಾಗೇ ಇರುತ್ತದೆ. ಅದನ್ನು ನಿಷ್ಠೆ ಅನ್ನೋಕಾಗುತ್ತಾ?

ನಾನಿರುವುದು ಓಹಾಯೊ ರಾಜ್ಯದ ಕೊಲಂಬಸ್‌ನಲ್ಲಿ. ಹೊಟ್ಟೆಪಾಡು ಡೇಟಾ ಕೆಲಸ. 2019ರ ಸೀಸನ್‌ನಲ್ಲಿ ಟ್ವಿಟರ್ ಡೇಟಾ ಕೂಡಿಸಿ ಕೌಂಟಿವಾರು (ಕೌಂಟಿ ಅಂದರೆ ನಮ್ಮ ಜಿಲ್ಲೆಯಂಥದ್ದು) ನನ್ನದೇ ಮ್ಯಾಪ್ ಮಾಡಿದೆ. ಲೈಕ್ ಬಿಟ್ಟು, ಜನ ವಾರವಾರವೂ ಏನು ಮಾತಾಡುತ್ತಾರೆ ಅನ್ನೋದನ್ನೇ ಹಿಡಿದು ಹೊರಟೆ.

ಊರಲ್ಲಿರುವ ಗೆಳೆಯರು ಮೊದಲು ಕೇಳೋದು, ಕಾಲೇಜ್ ಹುಡುಗರ ಆಟಕ್ಕೆ ಇಷ್ಟೊಂದು ಹುಚ್ಚು ಯಾಕೆ ಅಂತ. ಇದು ಅಮೆರಿಕನ್ ಫುಟ್‌ಬಾಲ್, ಮೊಟ್ಟೆಯಾಕಾರದ ಚೆಂಡಿನ ಆಟ. ಮಿಷಿಗನ್ ಯೂನಿವರ್ಸಿಟಿಯ ಕ್ರೀಡಾಂಗಣದಲ್ಲಿ 1,07,601 ಜನ ಕೂರಬಹುದು. ಅಲಬಾಮಾ, ನೆಬ್ರಾಸ್ಕಾದಂಥ ರಾಜ್ಯಗಳಲ್ಲಿ ಎನ್‌ಎಫ್‌ಎಲ್ (ವೃತ್ತಿಪರ ಲೀಗ್) ತಂಡವೇ ಇಲ್ಲ. ಅಲ್ಲಿ ರಾಜ್ಯದ ಹೆಸರು ಹೊತ್ತು ಆಡುವುದು ಯೂನಿವರ್ಸಿಟಿ ತಂಡ ಮಾತ್ರ. ಆ ಕಾಲೇಜಿನ ಮೆಟ್ಟಿಲು ಹತ್ತದವರೂ ಶನಿವಾರ ಅದರ ಬಣ್ಣದ ಅಂಗಿ ಹಾಕಿಕೊಂಡು ಟಿವಿ ಮುಂದೆ ಕೂರುತ್ತಾರೆ.

ಡೇಟಾ ಇಳಿಸಿಕೊಳ್ಳೋದು ಆಗ ಕಷ್ಟವಿರಲಿಲ್ಲ. ಟ್ವಿಟರ್ ಎಪಿಐ (ಪ್ರೋಗ್ರಾಮ್ ಮೂಲಕ ಟ್ವೀಟ್ ಪಡೆಯುವ ದಾರಿ) ಉಚಿತವಾಗಿತ್ತು. ಪೈಥಾನ್‌ನಲ್ಲಿ ಸಣ್ಣದೊಂದು ಪ್ರೋಗ್ರಾಮ್ ಬರೆದು ಆಗಸ್ಟ್‌ನಿಂದ ಜನವರಿವರೆಗೆ ಓಡಿಸಿದೆ. ನಿಜವಾದ ಕೆಲಸ ಶುರುವಾಗಿದ್ದು ತಂಡದ ಹೆಸರಿನಿಂದ. ‘ಒಎಸ್‌ಯು’ ಅಂದರೆ ಓಹಾಯೊ ಸ್ಟೇಟ್ (ನಮ್ಮ ಕೊಲಂಬಸ್‌ನ ಯೂನಿವರ್ಸಿಟಿ) ಇರಬಹುದು, ಒಕ್ಲಹೋಮಾ ಸ್ಟೇಟ್ ಇರಬಹುದು, ಆರೆಗನ್ ಸ್ಟೇಟೂ ಇರಬಹುದು. ‘ಯುಟಿ’ ಅಂದರೆ ಆಸ್ಟಿನ್‌ನಲ್ಲಿ ಟೆಕ್ಸಸ್, ನಾಕ್ಸ್‌ವಿಲ್‌ನಲ್ಲಿ ಟೆನೆಸೀ. ‘ಟೈಗರ್ಸ್’ ಅಂತ ಎಲ್‌ಎಸ್‌ಯು (ಲೂಸಿಯಾನಾ ಸ್ಟೇಟ್ ಯೂನಿವರ್ಸಿಟಿ), ಆಬರ್ನ್, ಕ್ಲೆಮ್ಸನ್, ಮಿಸೌರಿ, ಮೆಂಫಿಸ್ ಎಲ್ಲರೂ ಕರೆದುಕೊಳ್ಳುತ್ತಾರೆ. ಹಾಗಾಗಿ ಹೆಸರನ್ನು ಪಕ್ಕಕ್ಕಿಟ್ಟು ಘೋಷಣೆಗಳನ್ನು ಹಿಡಿದೆ. ‘ರೋಲ್ ಟೈಡ್’ ಅಂದವನು ಅಲಬಾಮಾದವನೇ. ‘ವಾರ್ ಈಗಲ್’ ಆಬರ್ನ್‌ದು. ‘ಗಿಗ್ ಎಮ್’ ಟೆಕ್ಸಸ್ ಎ ಆ್ಯಂಡ್ ಎಂ, ‘ಹುಕ್ ಎಮ್’ ಟೆಕ್ಸಸ್. ಎಲ್‌ಎಸ್‌ಯು ಅಭಿಮಾನಿಗಳಂತೂ ‘ಗೋ ಟೈಗರ್ಸ್’ನಲ್ಲಿ ‘ಗೋ’ ಅನ್ನೋದಕ್ಕೆ ಫ್ರೆಂಚರ ಹಾಗೆ ಐದು ಅಕ್ಷರ (Geaux) ಹಾಕುತ್ತಾರೆ. ಲೂಸಿಯಾನಾದ ಆ ಕಾಗುಣಿತ ಬೇರೆ ನಾಲ್ಕು ಹುಲಿಗಳಿಂದ ಅವರನ್ನು ಸಲೀಸಾಗಿ ಬೇರೆ ಮಾಡಿಕೊಟ್ಟಿತು.

ಘೋಷಣೆ ಹಿಡಿಯೋಕೆ ಇನ್ನೂ ದೊಡ್ಡ ಕಾರಣವಿತ್ತು. ಜನ ತಮ್ಮ ತಂಡದ ಬಗ್ಗೆ ಮಾತಾಡುವಷ್ಟೇ ಎದುರಾಳಿ ತಂಡದ ಬಗ್ಗೆಯೂ ಮಾತಾಡುತ್ತಾರೆ. ನಮ್ಮ ಕೊಲಂಬಸ್ಸನ್ನೇ ನೋಡಿ. ನವೆಂಬರ್ ಕೊನೆಯ ಶನಿವಾರ ಓಹಾಯೊ ಸ್ಟೇಟ್‌ಗೂ ಮಿಷಿಗನ್‌ಗೂ ಪಂದ್ಯ. ಆ ವಾರ ಕ್ಯಾಂಪಸ್‌ನ ಬೋರ್ಡುಗಳಲ್ಲಿ ಇಂಗ್ಲಿಷಿನ ಎಂ ಅಕ್ಷರ ಎಲ್ಲೆಲ್ಲಿ ಇದೆಯೋ ಅದರ ಮೇಲೆಲ್ಲ ಕೆಂಪು ಟೇಪಿನಲ್ಲಿ ಇಂಟು ಮಾರ್ಕ್ ಬೀಳುತ್ತದೆ. ಹಿಂದಿನ ಕೋಚ್ ವುಡಿ ಹೇಯ್ಸ್ ಮಿಷಿಗನ್ ಹೆಸರೇ ಎತ್ತದೆ ‘ಆ ಉತ್ತರದ ತಂಡ’ ಅನ್ನುತ್ತಿದ್ದರು. ಅಭಿಮಾನಿಗಳು ಇವತ್ತಿಗೂ ಅದನ್ನೇ ಹೇಳುತ್ತಾರೆ. ಅಂಥ ವಾರದಲ್ಲಿ ‘ಮಿಷಿಗನ್’ ಅನ್ನೋ ಪದವನ್ನು ಸುಮ್ನೆ ಎಣಿಸಿದರೆ ಕೊಲಂಬಸ್ ಪೂರ್ತಿ ಮಿಷಿಗನ್ ಅಭಿಮಾನಿಗಳ ಊರಾಗಿಬಿಡುತ್ತದೆ! ಭಾವನೆ ಗುರುತಿಸುವ ರೆಡಿಮೇಡ್ ಪ್ರೋಗ್ರಾಮ್‌ಗಳು ಇಲ್ಲಿ ಉಪಯೋಗಕ್ಕೆ ಬರಲ್ಲ. ತನ್ನ ತಂಡ ಸೋತಾಗ ಅಭಿಮಾನಿ ಬೈಯುವ ಭಾಷೆಯೂ ಎದುರಾಳಿ ಬೈಯುವ ಭಾಷೆಯೂ ಒಂದೇ. ಆದರೆ ಎದುರಾಳಿ ಎಷ್ಟೇ ಬೈದರೂ ಮಿಷಿಗನ್ ಘೋಷಣೆ ‘ಗೋ ಬ್ಲೂ’ ಅಂತ ಮನಸಾರೆ ಬರೆಯಲ್ಲ, ಅಲ್ವಾ?

ಜಾಗದ ವಿಷಯಕ್ಕೆ ಬರ್ತೀನಿ. ಟ್ವೀಟ್ ಜೊತೆ ಜಿಪಿಎಸ್ ಗುರುತು ಹಾಕುತ್ತಿದ್ದವರು ಮೊದಲಿಂದಲೂ ಕಡಿಮೆ. 2019ರ ಜೂನ್‌ನಲ್ಲಿ ಟ್ವಿಟರ್ ಆ ಸೌಲಭ್ಯವನ್ನೇ ತೆಗೆಯುವುದಾಗಿ ಹೇಳಿತು. ನನಗೆ ಅದರಿಂದ ನಷ್ಟವಾಗಲಿಲ್ಲ. ಜಿಪಿಎಸ್ ಇದ್ದಿದ್ದರೆ ಶನಿವಾರಗಳಂದು ಎಲ್ಲರೂ ಕ್ರೀಡಾಂಗಣದಲ್ಲೇ ಸಿಗುತ್ತಿದ್ದರು. ನನಗೆ ಬೇಕಿದ್ದದ್ದು ಅವರ ಮನೆ ಎಲ್ಲಿ ಅನ್ನೋದು. ಹಾಗಾಗಿ ಪ್ರೊಫೈಲ್‌ನಲ್ಲಿ ಅವರೇ ಬರೆದುಕೊಂಡ ಊರನ್ನು ತೆಗೆದುಕೊಂಡೆ. ಅಲ್ಲೂ ತೊಡಕಿದೆ. ಕೊಲಂಬಸ್ ಓಹಾಯೊದಲ್ಲೂ ಇದೆ, ಜಾರ್ಜಿಯಾದಲ್ಲೂ ಇದೆ. ರಾಜ್ಯದ ಹೆಸರಿಲ್ಲದ ಕೊಲಂಬಸ್, ಸ್ಪ್ರಿಂಗ್‌ಫೀಲ್ಡ್, ಜ್ಯಾಕ್ಸನ್‌ಗಳನ್ನೆಲ್ಲ ಕೈಬಿಟ್ಟೆ. ‘ಓಹಾಯೊ ಸ್ಟೇಟ್ ಅಭಿಮಾನಿ ಅಂದಮೇಲೆ ಓಹಾಯೊದ ಕೊಲಂಬಸ್ಸೇ ಇರಬೇಕು’ ಅಂತ ಊಹೆ ಮಾಡೋ ಹಾಗಿಲ್ಲ. ಮ್ಯಾಪ್‌ನಿಂದ ತಿಳಿಯಬೇಕಾದ ಉತ್ತರವನ್ನೇ ಮ್ಯಾಪ್ ಮಾಡೋಕೆ ಬಳಸಿದ ಹಾಗಾಗುತ್ತದೆ.

ಲೆಕ್ಕ ಹಾಕುವಾಗ ಒಬ್ಬರಿಗೆ ಒಂದೇ ಮತ. ಒಂದೇ ಶನಿವಾರ ನೂರು ಟ್ವೀಟ್ ಮಾಡಿದವರಿಗೂ ಒಂದೇ, ವಾರಕ್ಕೊಂದು ಮಾಡಿದವರಿಗೂ ಒಂದೇ. ಎರಡು ತಂಡಕ್ಕೆ ಜೈ ಅನ್ನುವವರ ಮತ ಅರ್ಧರ್ಧ. ಇಂಥವರು ನಿಜವಾಗಿಯೂ ಇದ್ದಾರೆ. ಗಂಡ ಅಲಬಾಮಾ, ಹೆಂಡತಿ ಆಬರ್ನ್ ಆದ ಮನೆಗಳಿಗೆ ಅಂತಲೇ ಎರಡೂ ತಂಡದ ಚಿಹ್ನೆ ಇರುವ ‘ಹೌಸ್ ಡಿವೈಡೆಡ್’ ಪ್ಲೇಟ್‌ಗಳು ಮಾರಾಟಕ್ಕೆ ಸಿಗುತ್ತವೆ. ಕಾರಿಗೆ ಹಾಕಿಕೊಂಡು ಓಡಾಡುತ್ತಾರೆ.

ನಿಷ್ಠೆಗೆ ಪರೀಕ್ಷೆ ಬೇಕಿತ್ತಲ್ಲ, ಅದನ್ನು ಹೀಗೆ ಇಟ್ಟೆ. ಘೋಷಣೆ ಕನಿಷ್ಠ ನಾಲ್ಕು ಬೇರೆ ಬೇರೆ ವಾರಗಳಲ್ಲಿ ಬಂದಿರಬೇಕು. ಅದರಲ್ಲಿ ಒಂದಾದರೂ ತಂಡ ಸೋತ ವಾರ ಅಥವಾ ಪಂದ್ಯವೇ ಇಲ್ಲದ ವಾರ ಆಗಿರಬೇಕು. ಆ ‘ಅಥವಾ’ ಹಾಕಿದ್ದಕ್ಕೆ ಕಾರಣವಿದೆ. 2019ರಲ್ಲಿ ಎಲ್‌ಎಸ್‌ಯು ಆಡಿದ 15 ಪಂದ್ಯಗಳನ್ನೂ ಗೆದ್ದು ಚಾಂಪಿಯನ್ ಆಯಿತು. ಸೋತ ವಾರವೇ ಇಲ್ಲದ ತಂಡಕ್ಕೆ ಸೋಲಿನ ಪರೀಕ್ಷೆ ಇಡೋದು ಹೇಗೆ? ಇನ್ನೊಂದು ತುದಿಯಲ್ಲಿ ನೆಬ್ರಾಸ್ಕಾ. ಆ ವರ್ಷ 5 ಗೆಲುವು, 7 ಸೋಲು. ಆದರೂ ರಾಜ್ಯದ ಈ ತುದಿಯಿಂದ ಆ ತುದಿವರೆಗೆ ಅವರ ಬಣ್ಣ ಒಂದಿಷ್ಟೂ ಮಾಸಲಿಲ್ಲ. 1962ರಿಂದ ಅಲ್ಲಿನ ಕ್ರೀಡಾಂಗಣದ ಪ್ರತಿ ಪಂದ್ಯಕ್ಕೂ ಟಿಕೆಟ್ ಪೂರ್ತಿ ಮಾರಾಟ. ಅಂಥ ಜನರ ಮುಂದೆ ನನ್ನ ಪರೀಕ್ಷೆ ಏನೂ ಅಲ್ಲ.

ಕೌಂಟಿಗಳ ಗಡಿ ಅಮೆರಿಕದ ಸೆನ್ಸಸ್ ಬ್ಯೂರೋದ ಫೈಲುಗಳಲ್ಲಿ ಪುಕ್ಕಟೆ ಸಿಗುತ್ತದೆ. ಪೈಥಾನ್‌ನ ಮ್ಯಾಪ್ ಲೈಬ್ರರಿ ಜಿಯೋಪಾಂಡಾಸ್‌ನಲ್ಲಿ ಸೇರಿಸಿದರೆ ಆಯ್ತು. ನೀವೂ ಮಾಡೋದಾದರೆ ಒಂದು ಎಚ್ಚರಿಕೆ. ಪ್ರತಿ ಕೌಂಟಿಗೂ ಐದಂಕಿಯ ಕೋಡ್ ಇದೆ, ಮೊದಲ ಎರಡು ಅಂಕಿ ರಾಜ್ಯದ್ದು. ಅಲಬಾಮಾ 01. ಅದರ ಆಟೋಗಾ ಕೌಂಟಿ 01001. ಎಕ್ಸೆಲ್‌ನಲ್ಲಿ ಒಮ್ಮೆ ತೆರೆದು ಸೇವ್ ಮಾಡಿದರೆ ಮುಂದಿನ ಸೊನ್ನೆ ಬಿದ್ದುಹೋಗಿ 1001 ಆಗುತ್ತದೆ. ಫುಟ್‌ಬಾಲನ್ನು ಉಸಿರಾಡುವ ರಾಜ್ಯವೇ ಮ್ಯಾಪ್‌ನಲ್ಲಿ ಖಾಲಿ ಕಾಣುತ್ತದೆ. ಕೋಡ್ ಕಾಲಮ್ಮನ್ನು ಅಂಕಿಯಾಗಿ ಅಲ್ಲ, ಅಕ್ಷರವಾಗಿ ಓದಿಸಿ.

ಈಗ ನನಗೆ ಅತಿ ಮುಖ್ಯ ಅನಿಸಿದ ವಿಷಯ. ಸಣ್ಣ ಕೌಂಟಿಗಳದ್ದು ಯಾವಾಗಲೂ ಸಮಸ್ಯೆ. ಟೆಕ್ಸಸ್‌ನ ಲವಿಂಗ್ ಕೌಂಟಿಯಲ್ಲಿ 2020ರ ಜನಗಣತಿ ಪ್ರಕಾರ 64 ಜನ. ಅಲ್ಲಿ ಒಬ್ಬರೇ ಒಬ್ಬರು ಟ್ವೀಟ್ ಮಾಡಿದರೂ ಇಡೀ ಕೌಂಟಿ ಅವರ ತಂಡದ ಬಣ್ಣಕ್ಕೆ ತಿರುಗುತ್ತದೆ. ಇದಕ್ಕೆ ಎಲ್ಲರೂ ಮಾಡುವ ಪರಿಹಾರ, ಡೇಟಾ ಕಮ್ಮಿಯಿರುವ ಕೌಂಟಿಯ ಲೆಕ್ಕವನ್ನು ರಾಜ್ಯದ ಸರಾಸರಿ ಕಡೆ ಎಳೆಯೋದು. ನಾನು ಬೇಕಂತಲೇ ಹಾಗೆ ಮಾಡಲಿಲ್ಲ. ಅಭಿಮಾನ ರಾಜ್ಯದ ಗಡಿಯಲ್ಲಿ ನಿಲ್ಲುತ್ತಾ, ಅಥವಾ ಹತ್ತಿರದ ಕಾಲೇಜಿನ ಕಡೆ ವಾಲುತ್ತಾ ಅನ್ನೋದೇ ನನ್ನ ಮೂಲ ಪ್ರಶ್ನೆ. ರಾಜ್ಯದ ಸರಾಸರಿ ಕಡೆ ಎಳೆದರೆ ಗಡಿಯನ್ನು ನಾನೇ ಮ್ಯಾಪ್‌ನೊಳಗೆ ಗೀಚಿದ ಹಾಗೆ. ಆದ್ದರಿಂದ ರಾಜ್ಯ ಯಾವುದೇ ಇರಲಿ, ಸುತ್ತಮುತ್ತಲ ಕೌಂಟಿಗಳ ಸರಾಸರಿ ಕಡೆ ಎಳೆದೆ. ಓಹಾಯೊದ ಗಡಿ ಕೌಂಟಿಗೆ ಮಿಷಿಗನ್ ಕಡೆಯ ನೆರೆ ಕೌಂಟಿಯೂ ಲೆಕ್ಕಕ್ಕೆ ಬರುತ್ತದೆ. ಈ ವಿಧಾನ ಗಡಿಯನ್ನು ಅಳಿಸುವ ಕಡೆಗೇ ಒತ್ತುತ್ತದೆ. ಅಷ್ಟಾದ ಮೇಲೂ ಗಡಿ ಕಂಡರೆ ಅದು ಜನರೇ ಎಳೆದ ಗಡಿ.

ಗಡಿ ಕಂಡಿತು. ಬಹಳ ಕಡೆ ಕತ್ತರಿಸಿದ ಹಾಗೆ ಕಂಡಿತು. ನನಗೆ ಇದರಲ್ಲಿ ಅರ್ಥವಿದೆ ಅನಿಸುತ್ತದೆ. 1862ರ ಮೊರಿಲ್ ಕಾಯ್ದೆ ಒಂದೊಂದು ರಾಜ್ಯಕ್ಕೂ ಕೃಷಿ, ಎಂಜಿನಿಯರಿಂಗ್ ಕಲಿಸುವ ಕಾಲೇಜು ಕಟ್ಟಲು ಕೇಂದ್ರದ ಜಮೀನು ಕೊಟ್ಟಿತು. ಓಹಾಯೊ ಸ್ಟೇಟ್, ನೆಬ್ರಾಸ್ಕಾ, ಆಬರ್ನ್ ಎಲ್ಲವೂ ಆ ಸಾಲಿನವು. ರೈತನ ಮಗ ಓದಲಿ ಅಂತ ರಾಜ್ಯ ಕಟ್ಟಿದ ಕಾಲೇಜು ಅದು. ಪಕ್ಕದ ರಾಜ್ಯದ ಕಾಲೇಜು ಎಷ್ಟೇ ಹತ್ತಿರವಿದ್ದರೂ ನಮ್ಮದು ಅನಿಸಲ್ಲ.

ಟೊಲೀಡೊ ಮಾತ್ರ ಬೇರೆ ಕಥೆ. ಊರು ಓಹಾಯೊದ್ದು. ಆದರೆ ಮಿಷಿಗನ್ ಯೂನಿವರ್ಸಿಟಿ ಇರುವ ಆ್ಯನ್ ಆರ್ಬರ್ ಅಲ್ಲಿಂದ ಸುಮಾರು 80 ಕಿಲೋಮೀಟರ್, ಕೊಲಂಬಸ್ 220 ದಾಟುತ್ತದೆ. 1835ರಲ್ಲಿ ಈ ನೆಲದ ಪಟ್ಟಿಗಾಗಿ ಎರಡೂ ಕಡೆಯವರು ಪಡೆ ಕಟ್ಟಿಕೊಂಡು ಎದುರುಬದುರಾಗಿದ್ದರು. ಕೊನೆಗೆ ಟೊಲೀಡೊ ಓಹಾಯೊಗೆ ಸೇರಿತು, ಬದಲಿಗೆ ಮಿಷಿಗನ್‌ಗೆ ಉತ್ತರದ ಅಪ್ಪರ್ ಪೆನಿನ್ಸುಲಾ ಸಿಕ್ಕಿತು. ನನ್ನ ಮ್ಯಾಪ್‌ನಲ್ಲಿ ಓಹಾಯೊ ಸ್ಟೇಟ್‌ನ ಕೆಂಪು ಅತ್ಯಂತ ಪೇಲವವಾಗಿ ಕಂಡಿದ್ದು ಇಲ್ಲೇ. ನನ್ನ ಸಹೋದ್ಯೋಗಿಯೊಬ್ಬರು ಅಲ್ಲಿಯವರು. ಮ್ಯಾಪ್ ತೋರಿಸಿದಾಗ ತಮ್ಮ ಬೀದಿಯ ಮನೆಗಳನ್ನು ಒಂದೊಂದಾಗಿ ಹೇಳುತ್ತಾ ಹೋದರು, ಇದು ನಮ್ಮದು, ಇದು ಅವರದು, ಇದು ಅರ್ಧರ್ಧ ಅಂತ.

ಹಾಗಾಗಿಯೇ ನಾನು ‘ಯಾರು ಗೆದ್ದರು’ ಅನ್ನೋ ಒಂದೇ ಬಣ್ಣದ ಮ್ಯಾಪ್ ಇಷ್ಟಪಡಲ್ಲ. ಮೊದಲನೆಯವರಿಗೂ ಎರಡನೆಯವರಿಗೂ ಅಂತರ ಕಮ್ಮಿಯಾದಷ್ಟೂ ಬಣ್ಣ ತಿಳಿಯಾಗಬೇಕು. ಒಟ್ಟು ಟ್ವಿಟರ್ ಬಳಕೆದಾರರಲ್ಲಿ ಫುಟ್‌ಬಾಲ್ ಮಾತಾಡುವವರೇ ಕಮ್ಮಿ ಇದ್ದರೆ ಕೌಂಟಿ ಬೂದು ಬಣ್ಣದ ಕಡೆ ಹೋಗಬೇಕು. ಇದಿಲ್ಲದೆ ನ್ಯೂಯಾರ್ಕ್ ನಗರವೂ ಅಲಬಾಮಾ ಯೂನಿವರ್ಸಿಟಿಯ ಊರಾದ ಟಸ್ಕಲೂಸಾದಷ್ಟೇ ಗಾಢವಾಗಿ ಕಾಣುತ್ತದೆ. ಬಣ್ಣ ಹಚ್ಚೋದೂ ತಲೆನೋವೇ. ಅಲಬಾಮಾ, ಜಾರ್ಜಿಯಾ, ಒಕ್ಲಹೋಮಾ, ಅರ್ಕನ್ಸಾ, ನೆಬ್ರಾಸ್ಕಾ, ಓಹಾಯೊ ಸ್ಟೇಟ್ ಎಲ್ಲವೂ ಕೆಂಪಿನ ಮಕ್ಕಳೇ. ನೆರೆಹೊರೆ ತಂಡಗಳಲ್ಲಿ ಒಂದಕ್ಕೆ ಅದರ ಎರಡನೇ ಬಣ್ಣ ಕೊಟ್ಟು ಹೊಂದಿಸಿದೆ.

ಓಹಾಯೊದ ಆಗ್ನೇಯದಲ್ಲಿರುವ ಅಥೆನ್ಸ್ ಕೌಂಟಿ ನನಗೆ ಬಹಳ ಪ್ರಿಯವಾಯಿತು. ಅಲ್ಲಿ ಮೊದಲ ಸ್ಥಾನ ಓಹಾಯೊ ಸ್ಟೇಟ್‌ಗೇ. ಆದರೆ ಎಲ್‌ಎಸ್‌ಯು ಕೂಡ ಎದ್ದು ಕಾಣುತ್ತಿತ್ತು. ಸಾವಿರ ಕಿಲೋಮೀಟರ್‌ಗೂ ಆಚೆಯ ತಂಡ! ಕಾರಣ ಜೋ ಬರೋ. ಅಲ್ಲೇ ಬೆಳೆದ ಹುಡುಗ, ಓಹಾಯೊ ಸ್ಟೇಟ್‌ನಲ್ಲಿ ಆಡಲು ಅವಕಾಶ ಸಾಲದೆ 2018ರಲ್ಲಿ ಎಲ್‌ಎಸ್‌ಯುಗೆ ಹೋದ. 2019ರ ಡಿಸೆಂಬರ್‌ನಲ್ಲಿ ವರ್ಷದ ಅತ್ಯುತ್ತಮ ಕಾಲೇಜ್ ಆಟಗಾರನಿಗೆ ಕೊಡುವ ಹೈಸ್‌ಮನ್ ಪ್ರಶಸ್ತಿ ತೆಗೆದುಕೊಳ್ಳುವಾಗ ತನ್ನ ಊರಿನ ಬಡತನದ ಬಗ್ಗೆ, ಊಟವಿಲ್ಲದೆ ಮನೆಗೆ ಹೋಗುವ ಮಕ್ಕಳ ಬಗ್ಗೆ ಕಣ್ಣೀರು ತುಂಬಿಕೊಂಡು ಮಾತಾಡಿದ. ಅಲ್ಲಿನ ಆಹಾರ ನೆರವಿನ ಕೇಂದ್ರಕ್ಕೆ ಲಕ್ಷಗಟ್ಟಲೆ ಡಾಲರ್ ದೇಣಿಗೆ ಹರಿದುಬಂತು. ಈ ಜನ ನನ್ನ ಪರೀಕ್ಷೆಯಲ್ಲಿ ಪಾಸಾದರು, ವಾರವಾರವೂ ಬರೆದಿದ್ದರು. ಅವರನ್ನು ಗೆದ್ದೆತ್ತಿನ ಬಾಲ ಹಿಡಿಯುವವರು ಅಂತ ಕರೆಯೋಕೆ ನಾನು ಒಪ್ಪಲ್ಲ. ತಮ್ಮೂರ ಹುಡುಗನ ಹಿಂದೆ ಹೋದವರು ಅವರು.

ಅಮೆರಿಕದ ಮ್ಯಾಪ್‌ಗೆ ಸೇರದ ಊರುಗಳನ್ನು ಬೇರೆ ಪಟ್ಟಿಯಲ್ಲಿ ಇಟ್ಟಿದ್ದೆ. ಅದರಲ್ಲಿ ಬೆಂಗಳೂರೂ ಇತ್ತು. ಎಂಎಸ್ ಮಾಡಿ ವಾಪಸ್ ಹೋದವರು ಅಲ್ಲಿಂದ ‘ಗೋ ಬಕ್ಸ್’ (ಓಹಾಯೊ ಸ್ಟೇಟ್ ಘೋಷಣೆ), ‘ಗಿಗ್ ಎಮ್’ ಅಂತ ಬರೆಯುತ್ತಿದ್ದರು. ಪಂದ್ಯದ ಹೊತ್ತಿಗೆ ಅಲ್ಲಿ ಶನಿವಾರ ರಾತ್ರಿ, ಕೆಲವು ಸಲ ಭಾನುವಾರ ಬೆಳಗಿನ ಜಾವ.

2023ರಲ್ಲಿ ಟ್ವಿಟರ್ ಉಚಿತ ಎಪಿಐ ನಿಂತುಹೋಯಿತು, ಅದೇ ದಾರಿ ಈಗ ಇಲ್ಲ. ಈಗ ಮಾಡುವವರಿಗೆ ಎರಡು ಮೂಲಗಳಿವೆ. ರೆಡಿಟ್‌ನ ಕಾಲೇಜ್ ಫುಟ್‌ಬಾಲ್ ಗುಂಪಿನಲ್ಲಿ ಜನ ತಮ್ಮ ಹೆಸರಿನ ಪಕ್ಕ ತಾವೇ ತಂಡದ ಚಿಹ್ನೆ ಹಾಕಿಕೊಳ್ಳುತ್ತಾರೆ. ತಂಡದ ಬಗ್ಗೆ ಅದಕ್ಕಿಂತ ಗಟ್ಟಿ ಸಾಕ್ಷಿ ಇಲ್ಲ, ಆದರೆ ಊರು ಗೊತ್ತಾಗಲ್ಲ. ಗೂಗಲ್ ಟ್ರೆಂಡ್ಸ್‌ನಲ್ಲಿ ಪ್ರದೇಶ ಗೊತ್ತಾಗುತ್ತದೆ, ಆದರೆ ಕೌಂಟಿಗಳಲ್ಲ, ದೊಡ್ಡ ದೊಡ್ಡ ಟಿವಿ ಮಾರುಕಟ್ಟೆಗಳು. 2024ರಲ್ಲಿ ಟೆಕ್ಸಸ್, ಒಕ್ಲಹೋಮಾ ಎರಡೂ ಎಸ್‌ಇಸಿ (ಅಲಬಾಮಾ, ಎಲ್‌ಎಸ್‌ಯು ಇರುವ ತಂಡಗಳ ಕೂಟ) ಸೇರಿದವು. ಆ ಎರಡು ರಾಜ್ಯಗಳ ಗಡಿಯ ರೆಡ್ ರಿವರ್ ದಂಡೆಯ ಕೌಂಟಿಗಳಲ್ಲಿ ಅದರಿಂದ ಏನಾದರೂ ಬದಲಾಗಿದೆಯಾ ಅಂತ ನೋಡಲು ಈ ಎರಡನ್ನೂ ಜೋಡಿಸುತ್ತಿದ್ದೇನೆ. ನೆರೆ ಕೌಂಟಿಗಳ ಕಡೆ ಎಳೆಯುವ ಆ ನಿಯಮವನ್ನು ಮಾತ್ರ ಹಾಗೇ ಉಳಿಸಿಕೊಂಡಿದ್ದೇನೆ.