ದಮ್ಮು ಹೆಚ್ಚಾದವರಿಗೆ ಇನ್ಹೇಲರ್ ಕೊಡುವುದು ಹೇಗೆ?

ಮಳೆಗಾಲದಲ್ಲಿ ಶಿರಸಿ ಕಡೆಯ ಮನೆಗಳ ಗೋಡೆಗೆಲ್ಲ ಬೂಷ್ಟು, ಅದು ಮುಗಿಯಿತೆನ್ನುವಾಗ ಅಡಿಕೆ ಬೇಯಿಸುವ ಒಲೆಯ ಹೊಗೆ. ದಮ್ಮು ಇದ್ದವರಿಗೆ ಎರಡೂ ಕಷ್ಟ. ಉಸಿರು ಕಟ್ಟಿತು ಅಂದ ಕೂಡಲೇ ಮನೆಮಂದಿ ಮಾಡುವುದೇನು? ಮಲಗಿಸುವುದು, ಎದೆಗೆ ಮುಲಾಮು ತಿಕ್ಕುವುದು, ಬಾಯಿಗೆ ಬಿಸಿ ಕಷಾಯ ಹೊಯ್ಯುವುದು. ಮೂರೂ ಬೇಡ.

ಕೂರಿಸಿ, ಸ್ವಲ್ಪ ಮುಂದೆ ಬಾಗಿಸಿ. ಒಂದು ವಾಕ್ಯ ಪೂರ್ತಿ ಆಡಲಾಗದಿದ್ದರೆ, ತುಟಿ ನೀಲಿಯಾದರೆ, ಮಂಪರು ಕವಿದರೆ ಆಗಲೇ 108ಕ್ಕೆ ಫೋನ್ ಮಾಡಿ. ದೇವಿಮನೆ ಘಾಟಿ ದಾಟಿ ಹೋಗಬೇಕಾದವರಂತೂ 'ಸ್ವಲ್ಪ ನೋಡೋಣ' ಅನ್ನಲೇಬಾರದು. ಎದೆನೋವೂ ಇದ್ದರೆ ಅದು ಹೃದಯದ ತೊಂದರೆ ಇರಬಹುದು, ಅಲ್ಲಿ ಇನ್ಹೇಲರ್ ನಂಬಿ ಕೂರಬೇಡಿ.

ಜ್ವರ, ಕೆಮ್ಮು ಇದ್ದವರಾದರೆ ನೀವು ಎನ್95 ಹಾಕಿಕೊಳ್ಳಿ. ಕೆಳಗೊಂದು ಬಟ್ಟೆ ಮಾಸ್ಕ್ ಹಾಕಿ ಅದರ ಮೇಲೆ ಎನ್95 ಹಾಕುವವರಿದ್ದಾರೆ, ಸುಮ್ನೆ ದಂಡ, ಅಂಚಿನಲ್ಲಿ ಗಾಳಿ ನುಗ್ಗುತ್ತದೆ. ಗಡ್ಡ ಇದ್ದರೂ ಅದೇ ಕಥೆ. ಕಿವಿಗೆ ಸಿಕ್ಕಿಸುವ ಅಗ್ಗದ್ದು ನನಗಂತೂ ಬೇಡ, ತಲೆಯ ಹಿಂದೆ ಎರಡು ಪಟ್ಟಿ ಬರುವುದೇ ಸರಿ. ಮೂಗಿನ ತಂತಿ ಒತ್ತಿ, ಜೋರಾಗಿ ಉಸಿರು ಬಿಟ್ಟು ನೋಡಿ. ಕಣ್ಣಿಗೆ ಗಾಳಿ ಬಡಿದರೆ ಮತ್ತೆ ಸರಿ ಮಾಡಿಕೊಳ್ಳಿ.

ಈಗ ಎಲ್ಲರೂ ಎಡವುವ ಜಾಗ. ಡಾಕ್ಟರು ಅವರಿಗೇ ಬರೆದುಕೊಟ್ಟ, ಉಸಿರಿನ ನಾಳವನ್ನು ಬೇಗ ಸಡಿಲಿಸುವ ಸಾಲ್ಬುಟಮಾಲ್ ಇನ್ಹೇಲರ್ ಆಗಬೇಕು, ದಿನಾ ತೆಗೆದುಕೊಳ್ಳುವ ಸ್ಟೀರಾಯ್ಡ್ ಒಂದೇ ಇರುವುದು ಈ ಹೊತ್ತಿಗೆ ಉಪಯೋಗಕ್ಕೆ ಬರುವುದಿಲ್ಲ. ಚೆನ್ನಾಗಿ ಅಲುಗಿಸಿ ಸ್ಪೇಸರಿಗೆ, ಅಂದರೆ ಇನ್ಹೇಲರಿಗೂ ಬಾಯಿಗೂ ನಡುವೆ ಇಡುವ ಪ್ಲಾಸ್ಟಿಕ್ ಕೊಳವೆಗೆ, ಸಿಕ್ಕಿಸಿ. ಅದರ ಇನ್ನೊಂದು ತುದಿಯನ್ನು ಬಾಯಿಗಿಟ್ಟು ಸುತ್ತ ತುಟಿ ಬಿಗಿಯಾಗಿ ಮುಚ್ಚಿಸಿ, ಒಂದೇ ಒಂದು ಸಲ ಒತ್ತಿ. ಗಾಬರಿಯಲ್ಲಿ ಟಪಟಪ ಅಂತ ನಾಲ್ಕು ಸಲ ಒತ್ತಿಬಿಡುತ್ತಾರೆ, ಆಗ ಔಷಧ ಸ್ಪೇಸರಿನ ಗೋಡೆಗೇ ಅಂಟಿಕೊಂಡು ಎದೆಗೆ ಇಳಿಯುವುದು ಕಡಿಮೆ. ಒಂದು ಸಲ ಒತ್ತಿದ ಮೇಲೆ ಅದರಲ್ಲೇ ನಾಲ್ಕು ಉಸಿರು. ಮತ್ತೆ ಅಲುಗಿಸಿ, ಮತ್ತೆ ಒಂದು, ಮತ್ತೆ ನಾಲ್ಕು ಉಸಿರು. ಹೀಗೆ ಒಟ್ಟು ನಾಲ್ಕು ಸಲ. ಆಮೇಲೆ 4 ನಿಮಿಷ ಗಡಿಯಾರ ನೋಡಿ, ಅಂದಾಜಿಗೆ ಬಿಡಬೇಡಿ. ಕಡಿಮೆಯಾಗಿಲ್ಲವೇ? 108ಕ್ಕೆ ಇನ್ನೂ ಹೇಳಿಲ್ಲದಿದ್ದರೆ ಈಗ ಹೇಳಿ, ಗಾಡಿ ಬರುವವರೆಗೆ ಇದೇ ಸುತ್ತು ಮುಂದುವರಿಸಿ. ಸ್ಪೇಸರ್ ಇಲ್ಲವೆಂದರೆ ಅರ್ಧ ಲೀಟರ್ ನೀರಿನ ಬಾಟಲಿಯ ತಳಕ್ಕೆ ಇನ್ಹೇಲರಿನ ಬಾಯಿ ಬಿಗಿಯಾಗಿ ಕೂರುವಷ್ಟು ತೂತು ಮಾಡಿದರೂ ತಾತ್ಕಾಲಿಕಕ್ಕೆ ನಡೆಯುತ್ತದೆ.

ಆಂಬುಲೆನ್ಸಿನವರಿಗೆ ಎಷ್ಟು ಹೊತ್ತಿಗೆ, ಎಷ್ಟು ಸಲ ಒತ್ತಿದಿರಿ ಅಂತ ಹೇಳಿ. ಕೈಗವಸು ಹಾಕಿದ್ದರೆ ಮೊದಲು ಅದನ್ನು ಒಳಮಗ್ಗಲು ಹೊರಗೆ ಬರುವಂತೆ ಬಿಚ್ಚಿ, ಕೈ ತೊಳೆದು, ಮಾಸ್ಕಿನ ಮುಂಭಾಗ ಮುಟ್ಟದೆ ಕೆಳಗಿನ ಪಟ್ಟಿ ಮೊದಲು, ಮೇಲಿನದು ಆಮೇಲೆ ತೆಗೆಯಿರಿ. ಸ್ಪೇಸರನ್ನು ಸೋಪಿನ ನೀರಿನಲ್ಲಿ ತೊಳೆದು ಹಾಗೇ ಆರಲು ಬಿಡಿ. ಬಟ್ಟೆಯಲ್ಲಿ ಒರೆಸಬೇಡಿ, ಒರೆಸಿದ ಪ್ಲಾಸ್ಟಿಕ್ ಮುಂದಿನ ಸಲ ಔಷಧವನ್ನು ತಾನೇ ಎಳೆದುಕೊಳ್ಳುತ್ತದೆ.