ಕನ್ನಡಕದ ಮೇಲೆ ಹೆಡ್‌ಫೋನ್: ಕಿವಿ ನೋಯದಂತೆ ಸಿನಿಮಾ ನೋಡುವುದು ಹೇಗೆ?

ಮನೆಯವರೆಲ್ಲ ಮಲಗಿದ ಮೇಲೆ ಹೆಡ್‌ಫೋನ್ ಹಾಕಿಕೊಂಡು ಟಿವಿ ನೋಡುವವರಿಗೆ ಕನ್ನಡಕವೂ ಇದ್ದರೆ ಎರಡು ತಾಪತ್ರಯ. ಸ್ವಲ್ಪ ಹೊತ್ತಿಗೇ ಕಿವಿಯ ಮೇಲ್ಭಾಗ ನೋಯಲು ಶುರುವಾಗುತ್ತದೆ. ಸಾಲದ್ದಕ್ಕೆ ದುಡ್ಡು ಸುರಿದು ತಂದ ಹೆಡ್‌ಫೋನ್‌ನಲ್ಲಿ ಬೇಸ್, ಅಂದರೆ ದಪ್ಪ ತಗ್ಗು ದನಿ, ಕೇಳುವುದೇ ಇಲ್ಲ. ಹೊಸದು ಕೊಳ್ಳುವ ಮೊದಲು ಇರುವುದನ್ನೇ ಸರಿಮಾಡಿ ನೋಡಿ.

ಕನ್ನಡಕದ ಕಡ್ಡಿ ಹೆಡ್‌ಫೋನಿನ ಕುಶನ್ನಿನ ಅಡಿಯಲ್ಲಿ ಹಾದುಹೋಗುವ ಕಡೆ ಸಣ್ಣ ಸಂದಿ ಬೀಳುತ್ತದೆ. ಬೇಸ್ ಸೋರುವುದು ಅಲ್ಲಿಂದಲೇ, ಫ್ಯಾನಿನ ಸದ್ದು ಒಳಗೆ ನುಗ್ಗುವುದೂ ಅಲ್ಲಿಂದಲೇ. ತಬಲಾ ಚೆನ್ನಾಗಿ ಕೇಳುವ ಒಂದು ಹಾಡು ಹಾಕಿ. ಕನ್ನಡಕ ಹಾಕಿಕೊಂಡು ಕೇಳಿ, ಆಮೇಲೆ ತೆಗೆದು ಕೇಳಿ. ತೆಗೆದ ಕೂಡಲೇ ಡಗ್ಗಾದ ‘ಗುಂ’ ತುಂಬಿಕೊಂಡು ಬಂದರೆ ತಪ್ಪು ಹೆಡ್‌ಫೋನ್‌ದಲ್ಲ, ಸಂದಿಯದು. ಇದು ಗೊತ್ತಿಲ್ಲದೆ ಸುಮ್ನೆ ವಾಲ್ಯೂಮ್ ಏರಿಸುತ್ತಾ ಹೋದರೆ ಕಿವಿಗೇ ಪೆಟ್ಟು.

ಈಗ ಕಿವಿ ಮುಚ್ಚುವ ಹೆಡ್‌ಫೋನಿನ ಕಪ್ ಅನ್ನು ಬೆರಳಿನಿಂದ ತುಸು ಎತ್ತಿ, ಕೂದಲು ಹಿಂದಕ್ಕೆ ಸರಿಸಿ, ಮಡಚಿಕೊಂಡ ಕುಶನ್ ಬಿಡಿಸಿ ಕೂರಿಸಿ. ಕಡ್ಡಿಯನ್ನು ಕಿವಿಯ ಬುಡದಿಂದ ಒಂದಿಷ್ಟು ಮೇಲಕ್ಕೆ ಸರಿಸಿದರೆ ನೋವು ಇನ್ನೂ ಕಡಿಮೆ. ಕಿವಿಯ ಮೇಲೇ ಕೂರುವ ಚಿಕ್ಕ ಹೆಡ್‌ಫೋನ್ ಕಿವಿಯನ್ನು ಕಡ್ಡಿಗೆ ಒತ್ತಿಬಿಡುತ್ತದೆ. ಕನ್ನಡಕದವರಿಗೆ ಅದು ಬೇಡವೇ ಬೇಡ. ಕಿವಿಯನ್ನು ಪೂರ್ತಿ ಒಳಗೆ ತೆಗೆದುಕೊಳ್ಳುವಂಥದ್ದೇ ಸರಿ.

ಕುಶನ್ನಿನ ರೆಕ್ಸಿನ್ ಹಳೆಯದಾಗಿ ಗಟ್ಟಿಯಾಗಿದ್ದರೆ ಬದಲಿಸಿ. ಹಲವು ಮಾಡೆಲ್‌ಗಳಿಗೆ ಕುಶನ್ ಬಿಡಿಯಾಗಿ ಸಿಗುತ್ತದೆ. ಒತ್ತಿದರೆ ಮೆಲ್ಲಗೆ ಮೇಲೇಳುವ ಮೆಮೊರಿ ಫೋಮ್ ಕಡ್ಡಿಯ ಸುತ್ತ ಚೆನ್ನಾಗಿ ಕೂರುತ್ತದೆ. ವೆಲ್ವೆಟ್ ಬಟ್ಟೆಯದು ಸೆಕೆಗೆ ಹಿತ, ಆದರೆ ಬೇಸ್ ಸ್ವಲ್ಪ ಬಿಟ್ಟುಕೊಡಬೇಕು. ಹಿಡಿತ ತುಂಬಾ ಬಿಗಿಯೇ? ತಲೆಯ ಮೇಲಿನ ಪಟ್ಟಿ ಲೋಹದ್ದಾದರೆ ತಲೆಗಿಂತ ತುಸು ಅಗಲದ ಪುಸ್ತಕದ ಕಟ್ಟಿಗೆ ಒಂದು ರಾತ್ರಿ ಸಿಕ್ಕಿಸಿಡಿ. ಬರೀ ಪ್ಲಾಸ್ಟಿಕ್ಕಾದರೆ ಈ ಸಾಹಸ ಬೇಡ, ಸೀಳುತ್ತದೆ. ನಂಬರ್ ಬದಲಾಗದ ಹಳೆಯ ತೆಳು ಕಡ್ಡಿಯ ಕನ್ನಡಕ ಮನೆಯಲ್ಲಿದ್ದರೆ ಅದನ್ನೇ ಸಿನಿಮಾಕ್ಕೆ ಮೀಸಲಿಡಿ. ನನ್ನನ್ನು ಕೇಳಿದರೆ ಎಲ್ಲಕ್ಕಿಂತ ಅಗ್ಗದ ಉಪಾಯ ಇದೇ.

ಬ್ಲೂಟೂತ್‌ನಲ್ಲಿ ತುಟಿ ಮೊದಲು, ಮಾತು ಆಮೇಲೆ ಬರುತ್ತಿದ್ದರೆ ಟಿವಿಯ ಸೌಂಡ್ ಸೆಟ್ಟಿಂಗ್‌ನಲ್ಲಿ ‘ಎವಿ ಸಿಂಕ್’ ಹುಡುಕಿ. ಸರಿಹೋಗದಿದ್ದರೆ ವೈರ್ ಹಾಕಿ, ಮುಗಿಯಿತು.

ಇನ್ನು ಚಿತ್ರ. ದೂರಕ್ಕೂ ಓದಲಿಕ್ಕೂ ಒಂದೇ ಲೆನ್ಸ್ ಇರುವ ಬೈಫೋಕಲ್ ಅಥವಾ ಪ್ರೋಗ್ರೆಸಿವ್ ಕನ್ನಡಕದವರು ಟಿವಿಯನ್ನು ಬೈಯುವ ಮೊದಲು ತಾವು ಕೂತ ಭಂಗಿ ನೋಡಿಕೊಳ್ಳಿ. ಸೋಫಾದಲ್ಲಿ ತಲೆ ಹಿಂದಕ್ಕೆ ಒರಗಿಸಿದರೆ ಪರದೆ ಕಾಣುವುದು ಲೆನ್ಸಿನ ಕೆಳಭಾಗದಿಂದ. ಅದು ಓದುವುದಕ್ಕೆ ಇರುವ ಭಾಗ, ಎಂಥ ಟಿವಿಯಾದರೂ ಮಸುಕೇ! ಕುತ್ತಿಗೆಯ ಹಿಂದೆ ದಿಂಬಿಟ್ಟು ತಲೆ ನೆಟ್ಟಗೆ ಮಾಡಿ. ಬೆನ್ನ ಹಿಂದಿನ ಟ್ಯೂಬ್‌ಲೈಟ್ ಕನ್ನಡಕದಲ್ಲೂ ಪರದೆಯಲ್ಲೂ ಹೊಳೆಯುತ್ತದೆ. ಅದನ್ನು ಆರಿಸಿ ಟಿವಿಯ ಹಿಂದೆ ಚಿಕ್ಕ ದೀಪ ಹಚ್ಚಿ. 55 ಇಂಚಿನ 4ಕೆ ಟಿವಿಗೆ ಆರೇಳು ಅಡಿ ದೂರ ಸಾಕು.

ರಿಮೋಟ್‌ನಲ್ಲಿ ‘ವಿವಿಡ್’ ಬಿಟ್ಟು ‘ಸಿನಿಮಾ’, ‘ಮೂವಿ’ ಅಥವಾ ‘ಫಿಲ್ಮ್‌ಮೇಕರ್’ ಮೋಡ್ ಆರಿಸಿ. ಮೊದಲ ದಿನ ಹಳದಿ ಅನಿಸಬಹುದು, ಕಣ್ಣು ಹೊಂದಿಕೊಳ್ಳುತ್ತದೆ. ಸಿನಿಮಾ ಸಾಮಾನ್ಯವಾಗಿ ಸೆಕೆಂಡಿಗೆ 24 ಫ್ರೇಮ್‌ಗಳದು. ಟಿವಿ ನಡುವೆ ತಾನೇ ಫ್ರೇಮ್ ಸೇರಿಸಿದಾಗ ಎಲ್ಲವೂ ಧಾರಾವಾಹಿಯಂತೆ ಕಾಣುತ್ತದೆ, ಅಲ್ವಾ? ಎಲ್‌ಜಿಯಲ್ಲಿ ಅದರ ಹೆಸರು ಟ್ರೂಮೋಷನ್, ಸೋನಿಯಲ್ಲಿ ಮೋಷನ್‌ಫ್ಲೋ. ಆಫ್ ಮಾಡಿ. ಪರದೆ ಮಂಕಾಗಿದ್ದರೆ ಪವರ್ ಸೇವಿಂಗ್ ಕೂಡ ತೆಗೆಯಿರಿ.

ಇಷ್ಟಾದರೂ ಚಿತ್ರ ಒಡೆಯುತ್ತಿದ್ದರೆ ನೆಟ್ ಪರೀಕ್ಷಿಸಿ. ನೆಟ್‌ಫ್ಲಿಕ್ಸ್‌ನಲ್ಲಿ 4ಕೆ ನೋಡಲು ಪ್ರೀಮಿಯಂ ಪ್ಲಾನ್ ಜೊತೆಗೆ 15 ಎಂಬಿಪಿಎಸ್ ವೇಗ ಬೇಕು. ರೂಟರ್ ಎರಡು ಗೋಡೆ ಆಚೆಗಿದ್ದರೆ ವೈಫೈ ನಂಬಬೇಡಿ, ಟಿವಿಗೆ ಲ್ಯಾನ್ ಕೇಬಲ್ ಎಳೆಸಿ.