ಅರ್ಧ ತೊಲಿ ಮಾತು

ಆ ವರ್ಷ ನಮ್ಮ ಪಡಸಾಲೆಯ ತುಂಬ ಹತ್ತಿ. ದೇವರ ಜಗಲಿಗೆ ಹೋಗಿ ದೀಪ ಹಚ್ಚಲು ಒಬ್ಬರು ನಡೆಯುವಷ್ಟು ದಾರಿ ಬಿಟ್ಟಿದ್ದೆವು. 2021ರ ಡಿಸೆಂಬರ್ ನಡುವೆ, ಆ ಹತ್ತಿಯ ಗುಡ್ಡೆಗೆ ಬೆನ್ನು ಕೊಟ್ಟು ಕೂತೇ ಕ್ವಿಂಟಲ್‌ಗೆ 8,300ರಂತೆ 24 ಕ್ವಿಂಟಲ್‌ಗೆ ಮಾತು ಮುಗಿಸಿದೆ. ಎರಡನೇ ಸಲ ಬಿಡಿಸುವುದು ಇನ್ನೂ ನಡೆದಿತ್ತು. ಅದೂ ಕೂಡಿದ ಮೇಲೆ ಜನವರಿ ಮೊದಲ ವಾರ ಗಾಡಿ ತರುತ್ತೇನೆ ಎಂದ ಖರೀದಿಯವರು ಐದು ಸಾವಿರ ಸಂಚಕಾರ ಕೊಟ್ಟು, ಚಹಾ ಕುಡಿದು ಎದ್ದರು. ಚೀಟಿ ಇಲ್ಲ, ಸಹಿ ಇಲ್ಲ.

8,300 ಅಂದರೆ ಆಗ ನನಗೆ ಲಾಟರಿ ಹತ್ತಿದಂಗ ಆಗಿತ್ತು. ಆ ಹಂಗಾಮಿಗೆ ಉದ್ದ ಎಳೆ ಹತ್ತಿಯ ಬೆಂಬಲ ಬೆಲೆ 6,025. ಅದರ ಹಿಂದಿನ ವರ್ಷ 5,825ಕ್ಕೆ ಕೊಟ್ಟು ಸಾಕಪ್ಪ ಅನ್ನಿಸಿಕೊಂಡವನು ನಾನು. ರಾಯಚೂರು ತಾಲ್ಲೂಕಿನ ಮಳೆ ಆಶ್ರಯದ ಎರೆ ಹೊಲ, ನಾಲ್ಕು ಎಕರೆ. ಕಾಲುವೆ ನೀರು ನಮ್ಮ ಕಡೆ ತಿರುಗಿಯೂ ನೋಡುವುದಿಲ್ಲ.

ಡಿಸೆಂಬರ್ ಕೊನೆಗೆ ರಾಯಚೂರಿನ ಕೃಷಿ ಮಾರುಕಟ್ಟೆಯಾದ ರಾಜೇಂದ್ರ ಗಂಜ್‌ನಲ್ಲಿ ಹಮಾಲಿ ಮಾಡುವ ನಮ್ಮ ಊರ ಹುಡುಗನೊಬ್ಬ ಫೋನ್ ಮಾಡಿದ. "ಮಾಮಾ, ಇವತ್ತ 8,900 ಹೋತು ನೋಡ್ರಿ." ನಾಲ್ಕು ದಿನಕ್ಕೆ ಮತ್ತೆ ಅವನೇ, "9,300." ಫೋನ್ ಇಡುವುದರೊಳಗೆ ಬಾಯಿಲೆಕ್ಕ ಮುಗಿದಿತ್ತು. ಕ್ವಿಂಟಲ್‌ಗೆ ಸಾವಿರ, ಇಪ್ಪತ್ತನಾಲ್ಕು ಸಾವಿರ ಹೋಯಿತು. ಮನೆಯಾಕೆ ಅದನ್ನು ಬೇರೆ ಅಳತೆಯಲ್ಲಿ ಹೇಳಿದಳು: "ಅರ್ಧ ತೊಲಿ ಬಂಗಾರ."

ಸಂಚಕಾರ ಅನ್ನುವ ಮಾತಿಗೆ ನಮ್ಮ ಭಾಷೆಯಲ್ಲಿ ಎರಡು ಅರ್ಥ. ವ್ಯಾಪಾರ ಗಟ್ಟಿ ಮಾಡುವ ಮುಂಗಡ ಒಂದು, ಜೀವಕ್ಕೆ ಬರುವುದು ಇನ್ನೊಂದು. ಎರಡಕ್ಕೂ ಒಂದೇ ಹೆಸರು ಯಾಕೆ ಇಟ್ಟರು ಅಂತ ಆ ವಾರ ನನಗೆ ತಿಳಿಯಿತು. ಗೂಡಿನಲ್ಲಿಟ್ಟ ಆ ಐದು ಸಾವಿರವನ್ನು ನಾನು ಮುಟ್ಟಿರಲಿಲ್ಲ. ಈಗಲೇ ಒಯ್ದು ಅವರ ಕೈಯಲ್ಲಿಟ್ಟು "ನಮ್ಮ ಮನ್ಯಾಗ ಒಪ್ಪವಲ್ಲರು" ಅಂದುಬಿಡಲೇ ಎಂದು ದಿನಕ್ಕೆ ಮೂರು ಸಲ ಅನ್ನಿಸುತ್ತಿತ್ತು. ಹೆಂಡತಿ ಒಪ್ಪವಲ್ಲಳು, ಅಣ್ಣ ಒಪ್ಪವಲ್ಲ: ನಮ್ಮ ಕಡೆ ಮಾತು ಮುರಿಯುವ ಗಂಡಸರೆಲ್ಲ ಮನೆಯವರ ಹೆಗಲ ಮೇಲೆ ಬಂದೂಕು ಇಡುವವರೇ.

ಭಾವಮೈದುನ ಬಂದವನು ನೇರ ಕೇಳಿದ. "ಅವಗ ಗೊತ್ತಿತ್ತೋ ಇಲ್ಲೋ ರೇಟ್ ಏರ್ತೈತಿ ಅಂತ?" ಗೊತ್ತಿದ್ದಿರಬಹುದು. ದಿನಾ ಗಂಜ್‌ಗೆ ಹೋಗುವವರು ಅವರು. "ಹಂಗಾದ್ರ ಹೇಳಲಾರದ ತಗೊಂಡಿದ್ದು ಮೋಸ ಅಲ್ಲೇನು?"

ಈ ಪ್ರಶ್ನೆ ಎರಡು ರಾತ್ರಿ ನನ್ನನ್ನು ಕಾಡಿತು. ಕೊನೆಗೆ ನನ್ನ ಕಡೆಯಿಂದಲೇ ತಿರುಗಿಸಿ ನೋಡಿದೆ. ರೇಟು 7,000ಕ್ಕೆ ಇಳಿಯುತ್ತದೆ ಅಂತ ನನಗೆ ಗುಮಾನಿ ಇದ್ದಿದ್ದರೆ ನಾನು ಅವರಿಗೆ ಹೇಳುತ್ತಿದ್ದೆನೇ? ಬಾಯಿ ಮುಚ್ಚಿಕೊಂಡು ಸಂಚಕಾರ ಎಣಿಸಿಕೊಳ್ಳುತ್ತಿದ್ದೆ. ಗಂಜ್‌ನ ದರ ಗುಟ್ಟೇನೂ ಅಲ್ಲ. ಒಂದು ಫೋನ್ ಮಾಡಿದ್ದರೆ ನನಗೂ ಸಿಗುತ್ತಿತ್ತು. ನಾನು ಮಾಡಲಿಲ್ಲ, ಅಷ್ಟೇ. ಆಮೇಲೆ ಪರಿಚಯದ ವಕೀಲರೊಬ್ಬರನ್ನು ಕೇಳಿದಾಗ ಅವರೂ ಹೆಚ್ಚು ಕಡಿಮೆ ಇದನ್ನೇ ಹೇಳಿದರು. 1872ರ ಕರಾರು ಕಾಯ್ದೆಯ ಪ್ರಕಾರ ಸುಮ್ಮನಿದ್ದದ್ದು ಅಷ್ಟಕ್ಕೇ ಮೋಸ ಆಗುವುದಿಲ್ಲ, ಹೇಳಲೇಬೇಕಾದ ಸಂಬಂಧ ಇದ್ದರೆ ಬೇರೆ ಮಾತು. ಮನಸಾರೆ ಒಪ್ಪಿದ ಮೇಲೆ ಬೆಲೆ ಕಡಿಮೆ ಆಯಿತು ಅನ್ನುವುದೊಂದೇ ಕಾರಣಕ್ಕೆ ಕರಾರು ಬಿದ್ದೂ ಹೋಗುವುದಿಲ್ಲ. ಬಾಯಿಮಾತಾದರೂ ಅದು ವ್ಯಾಪಾರವೇ. ನಾನು ಹತ್ತಿ ಕೊಡದೆ ಹೋಗಿದ್ದರೆ ಕಾಯ್ದೆ ಪ್ರಕಾರ ಅವರು ಕೇಳಬಹುದಾಗಿದ್ದ ನಷ್ಟ ಎಷ್ಟು ಗೊತ್ತೇ? ಒಪ್ಪಿದ ದರಕ್ಕೂ ಆ ದಿನದ ಪೇಟೆ ದರಕ್ಕೂ ಇರುವ ಅಂತರ. ಅದೇ ಇಪ್ಪತ್ತನಾಲ್ಕು ಸಾವಿರ.

ಸುಳ್ಳು ಹೇಳಿ ಕೊಂಡರೆ ಮಾತ್ರ ಲೆಕ್ಕ ಬೇರೆ. ನಮ್ಮ ಓಣಿಯ ಒಬ್ಬ ದೊಡ್ಡವ್ವನಿಗೆ ಇನ್ನೊಬ್ಬ ಖರೀದಿದಾರ "ಗಂಜ್ ಹದಿನೈದು ದಿನ ಬಂದ್ ಐತಿ" ಎಂದು ಹೇಳಿ ಅಗ್ಗಕ್ಕೆ ಮಾತಾಡಿಕೊಂಡು ಹೋಗಿದ್ದ. ಗಂಜ್ ಎಂದಿನಂತೆ ನಡೆದಿತ್ತು. ಆಕೆಯ ಮುಂಗಡ ವಾಪಸ್ ಕೊಡಲು ನಾನೇ ಜೊತೆಗೆ ಹೋದೆ, ಅದರಲ್ಲಿ ನನಗೆ ಎಳ್ಳಷ್ಟೂ ಅಳುಕಿರಲಿಲ್ಲ. ಆಕೆ ಒಪ್ಪಿದ್ದು ಆ ಸುಳ್ಳಿಗೆ. ನಾನು ಒಪ್ಪಿದ್ದು 8,300ಕ್ಕೆ.

ಹಾಗಾಗಿ ಕೊಡುವುದೆಂದು ಗಟ್ಟಿ ಮಾಡಿದೆ. ಮಾತು ಉಳಿಸಿಕೊಳ್ಳುವವನ ಗತ್ತೂ ಸ್ವಲ್ಪ ಬಂದಿತ್ತು ಅನ್ನಿ. ಆದರೆ ಬಾಯಿಯಿಂದ ಹೊರಗೆ ಬರದ ಹಳಹಳಿ ಕೈಗೆ ಇಳಿಯುತ್ತದೆ ಅನ್ನುವುದು ನನಗೆ ಗೊತ್ತಿರಲಿಲ್ಲ.

ಗಾಡಿ ಬರುವ ಹಿಂದಿನ ರಾತ್ರಿ ಅಂಡಿಗೆ, ಅಂದರೆ ಹತ್ತಿಯ ದೊಡ್ಡ ಚೀಲ, ತುಂಬುತ್ತಿದ್ದೆವು. ಅಂಡಿಗೆಯೊಳಗೆ ಇಳಿದು ಕಾಲಿನಿಂದ ತುಳಿದು ತುಳಿದು ತುಂಬಬೇಕು. ಮೂಲೆಯಲ್ಲಿ ಬೇರೆ ಗುಡ್ಡೆ ಒಂದಿತ್ತು, ಅಕಾಲದ ಮಳೆಗೆ ಸಿಕ್ಕು ಕೆಂಪು ಹಿಡಿದದ್ದು, ಎಲೆ ಚೂರು ಕೂಡಿದ್ದು. ಅದು ಮಾತಿನಲ್ಲಿ ಬಂದಿರಲಿಲ್ಲ. ನಾನು ಯಾರಿಗೂ ಹೇಳದೆ ಒಂದು ಅಂಡಿಗೆಯ ತಳಕ್ಕೆ ಅದನ್ನು ಹಾಕಿ, ಮೇಲೆ ಬೆಳ್ಳನೆಯದನ್ನು ತುಳಿದೆ. ಹೆಚ್ಚು ಅಂದರೆ ಮೂವತ್ತು ಕೆಜಿ. ಮೂರು ಸಾವಿರವೂ ಆಗದ ಮಾಲು. ಆ ಹೊತ್ತಿನಲ್ಲಿ ಅದು ನನ್ನ ಹಕ್ಕು ಅನ್ನಿಸಿತ್ತು. ತೂಕ ಬರಲಿ ಅಂತ ನೀರು ಚಿಮುಕಿಸುವವರಿಗಿಂತ ನಾನು ಮೇಲು ಅಂತಲೂ ಅಂದುಕೊಂಡೆ.

ಬೆಳಿಗ್ಗೆ ಪಿಕಪ್ ಬಂತು. ಖರೀದಿಯವರು ಅಂಗಿಯ ತೋಳು ಏರಿಸಿ ಪ್ರತಿ ಅಂಡಿಗೆಯ ಹೊಲಿಗೆ ಸಂದಿಯಲ್ಲಿ ಮೊಣಕೈವರೆಗೆ ಕೈ ತೂರಿಸುತ್ತಿದ್ದರು. ಒಂದು ಹಿಡಿ ತೆಗೆದು, ಬೀಜ ಒತ್ತಿ, ಎರಡು ಹೆಬ್ಬೆರಳ ನಡುವೆ ಎಳೆ ಜಗ್ಗಿ, ಗಾಳಿಗೆ ಬಿಡುವುದು. ಆ ಅಂಡಿಗೆಯಿಂದ ಬಂದ ಹಿಡಿಯನ್ನು ಮಾತ್ರ ಗಾಳಿಗೆ ಬಿಡಲಿಲ್ಲ. ಅಂಗೈಯಲ್ಲೇ ಇಟ್ಟುಕೊಂಡು ನನ್ನ ಕಡೆ ನೋಡಿದರು. ಒಂದು ಮಾತೂ ಇಲ್ಲ.

"ಅದನ್ನ ಇಳಸ್ರಿ ಅಣ್ಣಾ," ಅಂದೆ.

ಇಳಿಸಿದರು. ತೂಕ ಮುಗಿಯುವವರೆಗೆ ನಾನು ಅವರ ಮುಖ ನೋಡಲಿಲ್ಲ. ಅಷ್ಟಾದ ಮೇಲೂ ನಾಲಿಗೆ ಸುಮ್ಮನಿರಲಿಲ್ಲ ನೋಡಿ. ಕಾಟಾದ ಹತ್ತಿರ ಕೇಳಿಯೇಬಿಟ್ಟೆ, "ಅಣ್ಣಾ, ಗಂಜ್‌ನ್ಯಾಗ 9,300 ನಡದೈತಿ. ಏನರ ನೋಡ್ರಿ."

"ನಾನೂ 8,600ಕ್ಕ ಜಿನ್ನಿಂಗ್‌ನವರಿಗೆ ಮಾತು ಕೊಟ್ಟೀನಿ ತಮ್ಮಾ, ನಿಂದು ಹಿಡದು ಆರು ಮಂದೀದು. ನನಗ ಉಳಿಯೂದು ಗಾಡಿ ಬಾಡಿಗಿ, ಹಮಾಲಿ ಕಳದು ನೂರೋ ನೂರೈವತ್ತೋ."

ನಿಜವೋ ಸುಳ್ಳೋ, ನಾನು ಕೆದಕಲಿಲ್ಲ. ನಿಜವಾಗಿದ್ದರೆ, ಹದಿನೈದು ದಿನ ಯಾರು ನನ್ನ ಅರ್ಧ ತೊಲಿ ತಿಂದರು ಅಂತ ಹಲ್ಲು ಕಡಿದಿದ್ದೆನೋ ಅವರ ಕೈಗೂ ಅದು ಬಂದಿರಲಿಲ್ಲ. ಕೇಳಿದ್ದು ತಪ್ಪು ಅಂತ ಈಗಲೂ ನನಗೆ ಅನ್ನಿಸುವುದಿಲ್ಲ. ಒಮ್ಮೆ ಬಾಯಿಬಿಟ್ಟು ಕೇಳುವುದು ಬೇರೆ, ಕೊಡುವವರೆಗೆ ಅಂಡಿಗೆ ಏರಿಸುವುದಿಲ್ಲ ಅಂತ ಕೂರುವುದು ಬೇರೆ. ಅವರು ಇಲ್ಲ ಅಂದರು, ನಾನು ಹಗ್ಗ ಬಿಗಿಯಲು ಕೈ ಕೊಟ್ಟೆ.

ಆ ಬೇಸಿಗೆಯಲ್ಲಿ ದರ ಹತ್ತು ಸಾವಿರ ದಾಟಿ ಇನ್ನೂ ಮೇಲೆ ಹೋಯಿತು. 2022ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಹತ್ತಿಯ ಆಮದು ಸುಂಕವನ್ನೇ ತೆಗೆಯಬೇಕಾಯಿತು, ಅಷ್ಟು ಏರಿತ್ತು. ಮುಂದಿನ ವರ್ಷ ನಾನು ಜಾಣನಾದೆ. ಯಾರಿಗೂ ಮಾತು ಕೊಡದೆ, ಹತ್ತು ಸಾವಿರ ಬರಲಿ ಅಂತ ಮನೆಯಲ್ಲೇ ಇಟ್ಟೆ. ಊರಿನ ಅರ್ಧ ಮಂದಿ ಹಾಗೇ ಇಟ್ಟಿದ್ದರು. ನಡುವೆ ಒಬ್ಬ ಹೊಸ ಖರೀದಿದಾರ 8,400ಕ್ಕೆ ಒಪ್ಪಿ ಹೋದವನು, ದರ ಇಳಿದ ಮೇಲೆ ಬಂದು "ತೇವ ಬಾಳ ಐತಿ" ಅಂತ ಹತ್ತಿಯಲ್ಲಿ ಕೈಯಾಡಿಸಿ 7,700 ಅಂದ. ಬೆಂಬಲ ಬೆಲೆ ಖರೀದಿಯಲ್ಲಿ ಶೇ 8ರ ತೇವಕ್ಕೆ ಪೂರ್ತಿ ದರ, 12 ದಾಟಿದರೆ ತೆಗೆದುಕೊಳ್ಳುವುದಿಲ್ಲ. ಇದನ್ನು ಅಳೆಯಲು ಮೀಟರ್ ಇದೆ, ಅವನ ಹತ್ತಿರ ಬರೀ ಬೆರಳಿದ್ದವು. ಮನೆಯಲ್ಲಿ ಎರಡು ತಿಂಗಳು ಒಣಗಿದ ಹತ್ತಿಗೆ ಎಲ್ಲಿಯ ತೇವ? ಕೊಂಡವರ ಹಳಹಳಿಯೂ ಕೈಗೇ ಇಳಿಯುತ್ತದೆ ಅಂತ ಅವತ್ತು ನೋಡಿದೆ. ಬೇಡ ಅಂದು ಕಳಿಸಿ, ಕೊನೆಗೆ 7,300ಕ್ಕೆ ಕೊಟ್ಟೆ. ಬೈಯಲು ಯಾರೂ ಸಿಗಲಿಲ್ಲ.

ಈಗ ಮನೆ ಬಾಗಿಲಲ್ಲಿ ಮಾತಾಡುವಾಗ ಅರ್ಧ ಮಾಲಿಗಷ್ಟೇ ದರ ಕಟ್ಟುತ್ತೇನೆ, ಉಳಿದರ್ಧ ಒಯ್ಯುವ ದಿನದ ಗಂಜ್ ದರಕ್ಕೆ. ಟೆಂಡರ್‌ನಲ್ಲಿ ದರ ಹಿಡಿಸದಿದ್ದರೆ ಒಲ್ಲೆ ಅನ್ನುವ ಅವಕಾಶ ಗಂಜ್‌ನಲ್ಲಿ ನಮಗಿದೆ. ಮನೆಯಲ್ಲಿ ಅದು ನಮ್ಮ ಬಾಯಲ್ಲೇ ಇರಬೇಕು, ಹೂಂ ಅನ್ನುವ ಮೊದಲು. ಅದಕ್ಕೇ ಒಂದು ರಾತ್ರಿಯ ಸಮಯ ಕೇಳಿಕೊಂಡು, ಬೆಳಿಗ್ಗೆ ಎರಡು ಮೂರು ಕಡೆ ಫೋನ್ ಮಾಡಿಯೇ ಉತ್ತರ ಕೊಡುವುದು. ಮಗಳ ನೋಟ್‌ಬುಕ್ಕಿನ ಹಾಳೆಯಲ್ಲಿ ದರ, ತೂಕ, ಎಂಥ ಮಾಲು, ಯಾವ ತಾರೀಖಿನೊಳಗೆ ಒಯ್ಯಬೇಕು ಅಂತ ಬರೆದು ಇಬ್ಬರೂ ಸಹಿ ಹಾಕುತ್ತೇವೆ. ತಾರೀಖು ದಾಟಿದರೆ ನಾನು ಬಿಡುಗಡೆ. ಕೆಂಪು ಹಿಡಿದದ್ದನ್ನು ಮೊದಲೇ ತೋರಿಸಿ ಬೇರೆ ದರ ಮಾಡುತ್ತೇನೆ. ಅಂಡಿಗೆ ತುಂಬುವ ರಾತ್ರಿ ನಾನು ಒಬ್ಬನೇ ಇರುವುದಿಲ್ಲ.

ಮನೆಯಾಕೆ ಮಾತ್ರ ಆ ಲೆಕ್ಕವನ್ನು ಇನ್ನೂ ಮುಚ್ಚಿಲ್ಲ. ಮೊನ್ನೆ ಪಂಚಮಿಗೆ ತವರಿಗೆ ಕರೆದೊಯ್ಯುತ್ತೇನೆ ಅಂತ ನಾನು ಅಂದಾಗ, ರೊಟ್ಟಿ ಬಡಿಯುವ ಕೈ ನಿಲ್ಲಿಸದೆ ಕೇಳಿದಳು: "ಇದು ಬರೇ ಮಾತೋ, ಅರ್ಧ ತೊಲಿ ಮಾತೋ?"